ಪಟ್ಟಣ ಬಿಟ್ಟು ಕೊಡಗಿನಲ್ಲಿ ನೆಲೆಸಬೇಕು ಅನ್ನುವವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾಪೋಕ್ಲು ಕಡೆಯ ಒಂದು ಹಳ್ಳಿಯಲ್ಲಿ ನಾವು ಕೆಲವು ಮನೆಯವರು ಒಟ್ಟಿಗೆ ಇದ್ದೇವೆ. ಕೆಲವರು ಇಲ್ಲೇ ಹುಟ್ಟಿ ಬೆಳೆದವರು, ಇನ್ನು ಕೆಲವರು ಬೆಂಗಳೂರು, ಮೈಸೂರು ಬಿಟ್ಟು ಬಂದವರು. ಗದ್ದೆ, ತೋಡಿನ (ಸಣ್ಣ ಹಳ್ಳದ) ನೀರು, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರ, ಕಾಫಿ ಒಣಗಿಸುವ ಕಣ, ಬ್ಯಾಟರಿ ಇವೆಲ್ಲ ಎಲ್ಲರಿಗೂ ಸೇರಿದ್ದು. ಮನೆ, ಒಲೆ, ಬ್ಯಾಂಕಿನ ಪಾಸ್‌ಬುಕ್ ಅವರವರದು. ನಮ್ಮ ಬದುಕಿನ ಸುದ್ದಿ ಕೇಳಿ ಫೋನ್ ಮಾಡುವವರು ಬಹಳ ಜನ. ಅವರಿಗೆ ಹೇಳುವ ಉತ್ತರಗಳನ್ನೇ ಇಲ್ಲಿ ಬರೆದಿದ್ದೇವೆ.

ಇದು ಆಶ್ರಮವಾ, ಹೋಂಸ್ಟೇನಾ?

ಎರಡೂ ಅಲ್ಲ. ಇಲ್ಲಿ ಗುರುಗಳಿಲ್ಲ, ರೂಮ್ ಬಾಡಿಗೆಯೂ ಇಲ್ಲ. ಅಕ್ಕಪಕ್ಕದ ಮನೆಗಳವರು ಕೆಲಸ, ನೀರು, ಕರೆಂಟ್, ಸೌದೆ ಹಂಚಿಕೊಂಡು ಬದುಕುವ ಒಂದು ಏರ್ಪಾಡು, ಅಷ್ಟೇ. ಶನಿವಾರ ಬಂದು ಭಾನುವಾರ ಹೋಗುವವರಿಗೆ ಇಲ್ಲಿ ನೋಡುವಂಥದ್ದೇನೂ ಇಲ್ಲ.

ಕೊಡಗಿಗೆ ಸಮುದ್ರವೇ ಇಲ್ಲ. ಮತ್ತೆ ದ್ವೀಪದ ಬದುಕು ಅಂತ ಯಾಕೆ ಹೇಳುತ್ತೀರಿ?

ಜುಲೈ ಕೊನೆಗೆ ಬಂದು ನೋಡಿ. ಭಾಗಮಂಡಲದಲ್ಲಿ ಕಾವೇರಿಯೂ ಕನ್ನಿಕೆಯೂ ತುಂಬಿದರೆ ನಾಪೋಕ್ಲು ಕಡೆಯ ರಸ್ತೆ ನೀರಿನಡಿ ಹೋಗುತ್ತದೆ. ಬೇತ್ರಿಯಲ್ಲಿ ಹೊಳೆ ಏರಿದರೆ ಮೂರ್ನಾಡಿನಿಂದ ವಿರಾಜಪೇಟೆಗೆ ದಾರಿ ಇಲ್ಲ. ಸಿದ್ದಾಪುರದ ಹತ್ತಿರ ಕರಡಿಗೋಡಿನ ಹೊಳೆದಂಡೆಯವರು ಮನೆ ಬಿಟ್ಟು ಪರಿಹಾರ ಕೇಂದ್ರಕ್ಕೆ ಹೋಗಬೇಕಾಗುತ್ತದೆ. ಮೇಲೊಂದು ಮರ ಬಿದ್ದು ಲೈನ್ ಹರಿದರೆ ಕರೆಂಟೂ ಇಲ್ಲ, ಸ್ವಲ್ಪ ಹೊತ್ತಿಗೆ ಮೊಬೈಲ್ ಟವರೂ ಇಲ್ಲ. ಆ ದಿನಗಳಲ್ಲಿ ಹಾಲಿನ ವ್ಯಾನ್ ಬರುವುದಿಲ್ಲ, ಗ್ಯಾಸ್ ಬರುವುದಿಲ್ಲ. ನಮ್ಮ ಮನೆಯಲ್ಲಿ ಏನಿದೆ, ಪಕ್ಕದ ಮನೆಯಲ್ಲಿ ಏನಿದೆ, ಅಷ್ಟರಲ್ಲೇ ನಡೆಯಬೇಕು. ಅದಕ್ಕೇ ದ್ವೀಪ ಅನ್ನುತ್ತೇವೆ.

ನಿಜವಾದ ದ್ವೀಪಗಳಿಂದ ಕಲಿಯುವುದೂ ಇದೆ. ಸ್ಕಾಟ್ಲೆಂಡಿನ ಪಶ್ಚಿಮಕ್ಕೆ ಎಗ್ ಅನ್ನುವ ಪುಟ್ಟ ದ್ವೀಪವಿದೆ. ಜನ ನೂರರ ಆಸುಪಾಸು. 1997ರಲ್ಲಿ ಅಲ್ಲಿನವರು ಸೇರಿ ಒಂದು ಟ್ರಸ್ಟ್ ಮಾಡಿ ದ್ವೀಪವನ್ನೇ ಕೊಂಡರು. 2008ರಲ್ಲಿ ಹಳ್ಳದ ನೀರು, ಗಾಳಿ, ಬಿಸಿಲು ಮೂರನ್ನೂ ಜೋಡಿಸಿ ತಮ್ಮದೇ ಕರೆಂಟ್ ಮಾಡಿಕೊಂಡರು. ಅದರಲ್ಲಿ ನಮಗೆ ತುಂಬಾ ಹಿಡಿಸಿದ್ದು ಒಂದು ನಿಯಮ. ಯಾವ ಮನೆಯೂ ಒಂದೇ ಹೊತ್ತಿಗೆ 5 ಕಿಲೋವ್ಯಾಟ್‌ಗಿಂತ ಜಾಸ್ತಿ ಎಳೆಯುವಂತಿಲ್ಲ. ಸಾಹುಕಾರನ ಮನೆಗೂ ಅಷ್ಟೇ, ಕೂಲಿಯವರ ಮನೆಗೂ ಅಷ್ಟೇ. ಡೆನ್ಮಾರ್ಕಿನ ಸಾಮ್ಸೊ ದ್ವೀಪ ಇನ್ನೂ ದೊಡ್ಡದು. ಅದೂ 1997ರಲ್ಲೇ ಶುರು ಮಾಡಿತು. ನೆಲದ ಮೇಲೆ 11, ಕಡಲಲ್ಲಿ 10 ಗಾಳಿಯಂತ್ರ ಹಾಕಿದರು. ಎಷ್ಟೋ ಯಂತ್ರಗಳಲ್ಲಿ ಊರಿನ ರೈತರದ್ದೇ ಪಾಲು ಇದೆ. ಮನೆ ಬೆಚ್ಚಗಿಡಲು ಗದ್ದೆಯ ಹುಲ್ಲು ಸುಡುತ್ತಾರೆ. ಆ ಯಂತ್ರಗಳನ್ನು ತಂದು ಕೊಡಗಿನಲ್ಲಿ ನಿಲ್ಲಿಸುವ ಮಾತಲ್ಲ ಇದು. ಎಲ್ಲರೂ ಕೂತು ಒಂದು ಮಿತಿ ಹಾಕಿಕೊಂಡು, ಆ ಮಿತಿಯೊಳಗೆ ಚೆನ್ನಾಗಿ ಬದುಕಬಹುದು ಅನ್ನುವುದನ್ನು ಅವರು ತೋರಿಸಿಕೊಟ್ಟಿದ್ದಾರೆ. ನಾವು ಹಿಡಿದಿರುವುದು ಅದನ್ನೇ.

ಕಾವೇರಿ ನಿಸರ್ಗಧಾಮ, ದುಬಾರೆ ಕಡೆ ನದಿ ನಡುವಿನ ದ್ವೀಪದಲ್ಲಿ ಜಾಗ ಸಿಗುತ್ತಾ?

ಇಲ್ಲ. ಕುಶಾಲನಗರದ ಹತ್ತಿರದ ನಿಸರ್ಗಧಾಮ ಅರಣ್ಯ ಇಲಾಖೆಯದು. ದುಬಾರೆ ಕಾಡು, ಆನೆ ಶಿಬಿರ. ಹೊಳೆಯ ನಡುವಿನ ತುಂಡು ನೆಲವನ್ನು ಯಾರಾದರೂ ಮಾರುತ್ತೇನೆ ಅಂದರೆ ಅಲ್ಲಿಂದ ಎದ್ದು ಬನ್ನಿ.

ಮೊದಲು ಜಮೀನು ಕೊಳ್ಳಬೇಕಾ?

ಬೇಡ. ಈ ಪುಟದಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನು ನೆನಪಿಡಿ. ಮೊದಲು ಒಂದು ಪೂರ್ತಿ ಮಳೆಗಾಲ ಬಾಡಿಗೆ ಮನೆಯಲ್ಲಿ ಇರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಡಿಸೆಂಬರಿನಲ್ಲಿ ಮಂಜು, ಬಿಸಿಲು, ಹಣ್ಣಾದ ಕಾಫಿ ನೋಡಿ ಅಡ್ವಾನ್ಸ್ ಕೊಟ್ಟವರು ಬಹಳ ಜನ ಇದ್ದಾರೆ. ಅದೇ ಜಾಗ ಆಗಸ್ಟ್‌ನಲ್ಲಿ ಬೇರೆಯೇ. ಬಟ್ಟೆ ವಾರವಾದರೂ ಒಣಗುವುದಿಲ್ಲ. ಬೆಲ್ಟು, ಚಪ್ಪಲಿ, ಪುಸ್ತಕ ಎಲ್ಲಕ್ಕೂ ಬೂಸ್ಟು. ಬಿಸಿಲಿನ ಮುಖ ನೋಡದೆ ದಿನಗಳು ಹೋಗುತ್ತವೆ. ಕೆಲವರಿಗೆ ಅದೇ ಇಷ್ಟವಾಗುತ್ತದೆ, ಕೆಲವರಿಗೆ ಮನಸ್ಸು ಕುಗ್ಗುತ್ತದೆ. ನೀವು ಯಾವ ಗುಂಪು ಅನ್ನುವುದು ಇದ್ದು ನೋಡದೆ ಗೊತ್ತಾಗುವುದಿಲ್ಲ.

ಕೊಡಗಿನಲ್ಲೇ ಒಂದು ಕಡೆಗೂ ಇನ್ನೊಂದು ಕಡೆಗೂ ಬಹಳ ವ್ಯತ್ಯಾಸ. ಕುಶಾಲನಗರದ ಕಡೆ ಬಯಲು ಸೀಮೆಯ ಹವೆ, ಮಳೆ ಕಮ್ಮಿ. ಭಾಗಮಂಡಲ, ಗಾಳಿಬೀಡು, ಶಾಂತಳ್ಳಿ ಕಡೆ ಅದರ ಎಷ್ಟೋ ಪಟ್ಟು ಸುರಿಯುತ್ತದೆ. ಮಳೆ ಆಗದವರು ಪೂರ್ವದ ಕಡೆ ನೋಡುವುದು ಒಳ್ಳೆಯದು.

ಸರಿ, ಮಳೆಗಾಲ ಕಳೆದೆವು. ಜಮೀನು ಕೊಳ್ಳುವಾಗ ಏನೇನು ನೋಡಬೇಕು?

2020ರಲ್ಲಿ ಭೂ ಸುಧಾರಣಾ ಕಾಯ್ದೆಗೆ ತಿದ್ದುಪಡಿ ಆದ ಮೇಲೆ, ಕೃಷಿಕರಲ್ಲದವರೂ ಕರ್ನಾಟಕದಲ್ಲಿ ಕೃಷಿ ಜಮೀನು ಕೊಳ್ಳಬಹುದು. ಹಾಗಂತ ಕೊಡಗಿನಲ್ಲಿ ಅದು ಸಲೀಸು ಅಂದುಕೊಳ್ಳಬೇಡಿ. ಇಲ್ಲಿನ ಜಮೀನಿನ ಲೆಕ್ಕ ಬೇರೆ ಜಿಲ್ಲೆಗಳ ಹಾಗಿಲ್ಲ.

ಜಮ್ಮಾ ಜಮೀನು ಅಂದರೆ ಹಿಂದಿನಿಂದ ಕುಟುಂಬಕ್ಕೆ ಬಂದದ್ದು. ಪಹಣಿಯಲ್ಲಿ ಪಟ್ಟೆದಾರರ, ಅಂದರೆ ಕುಟುಂಬದ ಹಿರಿಯರ ಹೆಸರು ಇರಬಹುದು. ಆದರೆ ಹಕ್ಕು ಇಡೀ ಒಕ್ಕದ್ದು, ಅಂದರೆ ಆ ಮನೆತನದ ಎಲ್ಲರದ್ದು. ಮುಂಬೈಯಲ್ಲಿರುವ ತಮ್ಮ, ದುಬೈಯಲ್ಲಿರುವ ದೊಡ್ಡಪ್ಪನ ಮಗ ಎಲ್ಲರ ಒಪ್ಪಿಗೆ ಬೇಕಾಗುತ್ತದೆ. ಒಬ್ಬರು ಸಹಿ ಹಾಕಿದರು ಅಂತ ದುಡ್ಡು ಕೊಟ್ಟರೆ ಮುಂದೆ ಕೋರ್ಟಿನಲ್ಲಿ ವರ್ಷಗಟ್ಟಲೆ ಕಾಯಬೇಕು. ಬಾಣೆ ಅಂದರೆ ಗದ್ದೆಗೆ ಸೊಪ್ಪು, ಸೌದೆ, ಮೇವು ಸಿಗಲಿ ಅಂತ ಜೊತೆಗೆ ಕೊಟ್ಟ ಗುಡ್ಡದ ಜಾಗ. ಈಗ ಬಹಳ ಕಡೆ ಅದರಲ್ಲೇ ಕಾಫಿ ಇದೆ. ಬಾಣೆಯಲ್ಲಿ ಮರದ ಹಕ್ಕು ರಿಡೀಮ್ ಆಗಿದೆಯಾ (ಸರ್ಕಾರಕ್ಕೆ ಹಣ ಕಟ್ಟಿ ಬಿಡಿಸಿಕೊಂಡಿದ್ದಾರಾ) ಇಲ್ಲವಾ ಕೇಳಿ. ಆಗಿಲ್ಲದಿದ್ದರೆ ನೆಲದ ಮೇಲಿನ ಮರ ಸರ್ಕಾರದ್ದು. ನಿಮ್ಮ ತೋಟದ ಮರ ಅಂತ ನೀವು ಅಂದುಕೊಂಡದ್ದನ್ನು ನೀವು ಮುಟ್ಟುವಂತಿಲ್ಲ. ಇನ್ನು ಪೈಸಾರಿ ಜಾಗ ಸರ್ಕಾರದ್ದೇ. ಬೇಲಿ ಹಾಕಿ ಕಾಫಿ ನೆಟ್ಟ ಮಾತ್ರಕ್ಕೆ ಮಾರುವ ಹಕ್ಕು ಬರುವುದಿಲ್ಲ.

ಕಾಗದ ನೋಡುವಾಗ ಪಹಣಿ, ಇಸಿ (ಋಣಭಾರ ಪತ್ರ), ಮ್ಯುಟೇಷನ್ (ಖಾತೆ ಬದಲಾವಣೆ), ಸರ್ವೆ ಸ್ಕೆಚ್ ಎಲ್ಲ ತೆಗೆಸಿ. ಜಿಲ್ಲೆಯ ಕಂದಾಯ ಕಾಗದ ಓದಿ ಅನುಭವವಿರುವ ಮಡಿಕೇರಿ ಅಥವಾ ವಿರಾಜಪೇಟೆಯ ವಕೀಲರಿಗೇ ತೋರಿಸಿ. ಬೆಂಗಳೂರಿನ ವಕೀಲರಿಗೆ ಜಮ್ಮಾ ಬಾಣೆ ಗೊತ್ತಿರುವುದು ಕಮ್ಮಿ. ಮನೆ ಕಟ್ಟಲು ಭೂ ಪರಿವರ್ತನೆ ಬೇಕಾ, ಜಾಗ ಪರಿಸರ ಸೂಕ್ಷ್ಮ ವಲಯದೊಳಗೆ ಇದೆಯಾ ಅನ್ನುವುದನ್ನು ತಾಲೂಕು ಕಚೇರಿ, ಪಂಚಾಯಿತಿ ಎರಡರಲ್ಲೂ ಕೇಳಿ. ದಾರಿಯ ಹಕ್ಕು ಕಾಗದದಲ್ಲಿ ಇರಲೇಬೇಕು. ಪಕ್ಕದ ತೋಟದವರು ಹೋಗಿ ಅಂದರು, ಹೋಗುತ್ತಿದ್ದೇವೆ ಅನ್ನುವುದು ಮುಂದಿನ ತಲೆಮಾರಿಗೆ ಸಾಲುವುದಿಲ್ಲ.

ಗುಡ್ಡದ ಮೇಲೆ, ಕಣಿವೆ ಕಾಣುವ ಹಾಗೆ ಮನೆ ಕಟ್ಟಬಹುದಾ?

2018ರ ಆಗಸ್ಟ್ ನೆನಪಿದೆ ಅಲ್ವಾ? ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಕಾಲೂರು, ಜೋಡುಪಾಲ. ಗುಡ್ಡಕ್ಕೆ ಗುಡ್ಡವೇ ಜಾರಿ ಮನೆ, ತೋಟ, ಗದ್ದೆ ಎಲ್ಲ ಕೆಸರಾಗಿ ಹೋಯಿತು. ತಲೆಮಾರುಗಳಿಂದ ಇದ್ದ ಮನೆ ಬಿಟ್ಟು ಜನ ಗಂಜಿ ಕೇಂದ್ರಕ್ಕೆ ಬಂದರು. ಎಷ್ಟೋ ಕುಟುಂಬಗಳು ಈಗ ಕರ್ಣಂಗೇರಿ, ಮದೆನಾಡು, ಜಂಬೂರಿನಲ್ಲಿ ಕಟ್ಟಿಕೊಟ್ಟ ಮನೆಗಳಲ್ಲಿವೆ. 2019ರಲ್ಲಿ ತೋರದಲ್ಲಿ ಗುಡ್ಡ ಕುಸಿಯಿತು. 2020ರಲ್ಲಿ ತಲಕಾವೇರಿಯ ಗಜಗಿರಿ ಬೆಟ್ಟ ಜಾರಿ ಅರ್ಚಕರ ಮನೆಯನ್ನೇ ತೆಗೆದುಕೊಂಡು ಹೋಯಿತು.

ಮಳೆ ಜೋರಾಗಿ ಬಂದದ್ದು ನಿಜ. ಇಳಿಜಾರನ್ನು ಜೆಸಿಬಿಯಲ್ಲಿ ನೇರವಾಗಿ ಕಡಿದದ್ದೂ ಒಂದು ಕಾರಣ ಅಂತ ಭೂವಿಜ್ಞಾನಿಗಳು ಹೇಳಿದ್ದಾರೆ. ಗುಡ್ಡದ ಮಣ್ಣು ಸಾವಿರಾರು ವರ್ಷಗಳಲ್ಲಿ ಒಂದು ಓರೆಗೆ ಕೂತಿರುತ್ತದೆ. ಬುಡ ಕಡಿದು ಮಟ್ಟ ಮಾಡಿದರೆ ಮೇಲಿನ ಮಣ್ಣಿಗೆ ಆಸರೆ ತಪ್ಪುತ್ತದೆ. ಮಳೆ ನೀರು ಒಳಗೆ ಇಳಿದು ಮಣ್ಣು ಭಾರವಾಗುತ್ತದೆ, ಅಡಿಯ ಕಲ್ಲಿನ ಮೇಲೆ ಜಾರುತ್ತದೆ. ಮೇಲ್ಭಾಗದಲ್ಲಿ ಇಂಗುಗುಂಡಿ, ಈಜುಕೊಳ, ಕೆರೆ ಇದ್ದರೆ ಇನ್ನೂ ಕಷ್ಟ. ಹಳೆಯ ಐನ್‌ಮನೆಗಳು (ಕೊಡವ ಮನೆತನಗಳ ಮೂಲ ಮನೆಗಳು) ಎಲ್ಲಿವೆ ಗಮನಿಸಿ. ಗದ್ದೆಯ ಅಂಚಿಗೆ ಸ್ವಲ್ಪ ಎತ್ತರದಲ್ಲಿ, ಹಿಂದೆ ಮರಗಳ ಗುಂಪು, ಮುಂದೆ ಬಯಲು. ಗುಡ್ಡದ ತುದಿಗೆ ಹೋಗಿ ಯಾರೂ ಮನೆ ಕಟ್ಟಿರಲಿಲ್ಲ.

ನಮ್ಮಲ್ಲಿ ಹೊಸ ಮನೆ ಕಟ್ಟುವವರಿಗೆ ಒಂದೇ ಕಟ್ಟುಪಾಡು. ಜೆಸಿಬಿ ತಂದು ಗುಡ್ಡ ಕಡಿಯುವಂತಿಲ್ಲ. ನೆಲ ಇದ್ದ ಹಾಗೆ ಮನೆ ಇಳಿಯಬೇಕು. ಇದರಲ್ಲಿ ರಾಜಿ ಇಲ್ಲ. ನಿಮ್ಮ ವ್ಯೂಗೆ ಕೆಳಗಿನ ಮನೆಯವರ ಜೀವ ಒತ್ತೆ ಇಡುವುದು ನ್ಯಾಯವಲ್ಲ.

ಮನೆ ಯಾವ ಥರದ್ದು ಒಳ್ಳೆಯದು?

ಮಾಡು, ಅಂದರೆ ಛಾವಣಿ, ಮುಖ್ಯ. ಗೋಡೆ ಆಮೇಲೆ. ಇಳಿಜಾರು ಮಾಡು, ಹೆಂಚು, ಗೋಡೆಯಿಂದ ದೂರ ಚಾಚಿದ ಸೂರು. ಮಳೆ ಗಾಳಿ ನೈಋತ್ಯದಿಂದ ಹೊಡೆಯುತ್ತದೆ, ಆ ಕಡೆ ದೊಡ್ಡ ಕಿಟಕಿ ಬೇಡ. ಮಣ್ಣಿನ ಇಟ್ಟಿಗೆ ಚೆನ್ನಾಗಿ ಬಾಳುತ್ತದೆ, ಆದರೆ ಅಡಿಪಾಯ ನೆಲದಿಂದ ಎತ್ತರವಿದ್ದು ಗೋಡೆಗೆ ಎರಚಲು ಬಡಿಯಬಾರದು. ಸೌದೆ ಒಲೆ ಇರುವ ಅಡುಗೆಮನೆ ಇರಲಿ. ಅದರ ಹೊಗೆಯೇ ಮಾಡಿನ ಮರವನ್ನು ಹುಳದಿಂದ ಕಾಯುತ್ತದೆ. ಅಟ್ಟದಲ್ಲಿ ಬಟ್ಟೆ, ಕಾಳುಮೆಣಸು, ಬಿತ್ತನೆ ಬೀಜ ಒಣಗುತ್ತವೆ.

ಕರೆಂಟ್ ಹೇಗೆ? ಸೋಲಾರ್ ಸಾಕಾಗುತ್ತಾ?

ಅಕ್ಟೋಬರ್‌ನಿಂದ ಮೇವರೆಗೆ ಸಾಕು. ಒಳ್ಳೆಯ ಬಿಸಿಲಿಗೆ 1 ಕಿಲೋವ್ಯಾಟ್ ಪ್ಯಾನೆಲ್ ದಿನಕ್ಕೆ 4 ಯೂನಿಟ್ ಕೊಡುತ್ತದೆ. ಜಡಿಮಳೆಯ ದಿನ 1 ಯೂನಿಟ್ ಸಿಕ್ಕರೂ ಪುಣ್ಯ. ಮಳೆಗಾಲದಲ್ಲಿ ಕೈಹಿಡಿಯುವುದು ನೀರು. ಸೆಕೆಂಡಿಗೆ 10 ಲೀಟರ್ ನೀರು 20 ಮೀಟರ್ ಕೆಳಗೆ ಪೈಪಿನಲ್ಲಿ ಇಳಿದು ಬಂದರೆ ಚಿಕ್ಕ ಟರ್ಬೈನ್‌ನಿಂದ ಸುಮಾರು 1 ಕಿಲೋವ್ಯಾಟ್ ಬರುತ್ತದೆ. ಅದು ಹಗಲು ರಾತ್ರಿ ಓಡುವುದರಿಂದ ದಿನಕ್ಕೆ 20 ಯೂನಿಟ್ ಮೇಲೆ ಆಯಿತು. ಬಿಸಿಲು ಹೋದಾಗ ತೋಡು ತುಂಬುತ್ತದೆ, ತೋಡು ಬತ್ತಿದಾಗ ಬಿಸಿಲು ಬರುತ್ತದೆ. ಮಲೆನಾಡಿಗೆ ಇದಕ್ಕಿಂತ ಒಳ್ಳೆಯ ಜೋಡಿ ಇಲ್ಲ. ಎಲೆ, ಕಡ್ಡಿ ಸಿಕ್ಕಿಕೊಳ್ಳದ ಹಾಗೆ ಜಾಲರಿ ದಿನಾ ತೊಳೆಯಬೇಕು. ಮಳೆಯಲ್ಲಿ ಕೊಡೆ ಹಿಡಿದು ಯಾರು ಹೋಗುವುದು ಅನ್ನುವುದಕ್ಕೆ ಸರದಿ ಇದೆ.

ಕರೆಂಟಿಗೆ ನಾವು ಹಾಕಿಕೊಂಡ ಮಿತಿ ಹೀಗಿದೆ: ಪಂಪ್ ಓಡುವಾಗ ಇಸ್ತ್ರಿ ಇಲ್ಲ. ಗೀಸರ್ ಯಾರ ಮನೆಯಲ್ಲೂ ಇಲ್ಲ, ಹಂಡೆಯಲ್ಲಿ ನೀರು ಕಾಯುತ್ತದೆ.

ಇಷ್ಟು ಮಳೆ ಬರುವ ಊರಲ್ಲಿ ನೀರಿನ ಚಿಂತೆ ಯಾಕೆ?

ಮಾರ್ಚ್, ಏಪ್ರಿಲ್‌ನಲ್ಲಿ ಬನ್ನಿ, ಗೊತ್ತಾಗುತ್ತದೆ. ಬಿದ್ದ ಮಳೆ ಇಳಿಜಾರಿನಲ್ಲಿ ಓಡಿ ಹೋಗುತ್ತದೆ. ಅದೇ ಹೊತ್ತಿಗೆ ರೋಬಸ್ಟಾ ಹೂ ಬಿಡಿಸಲು ಎಲ್ಲರೂ ಕೆರೆ, ತೋಡಿಗೆ ಪಂಪ್ ಇಟ್ಟು ಸ್ಪ್ರಿಂಕ್ಲರ್ ಓಡಿಸುತ್ತಾರೆ. ಕಾಫಿ ಹೂ ಅರಳಿಸುವ ಹೂಮಳೆ ತಡವಾದ ವರ್ಷ ತೋಡಿನ ತಳ ಕಾಣುತ್ತದೆ.

100 ಚದರ ಮೀಟರ್ ಮಾಡಿನ ಮೇಲೆ 2,500 ಮಿಲಿಮೀಟರ್ ಮಳೆ ಬಿದ್ದರೆ ಎರಡೂವರೆ ಲಕ್ಷ ಲೀಟರ್. ಅದರಲ್ಲಿ ಒಂದು ಪಾಲು ಟ್ಯಾಂಕಿನಲ್ಲಿ ಹಿಡಿದಿಟ್ಟರೆ ಬೇಸಿಗೆಗೆ ಕುಡಿಯುವ ನೀರು ಆಯಿತು. ಅದಕ್ಕಿಂತ ದೊಡ್ಡ ಟ್ಯಾಂಕ್ ಗದ್ದೆ. ಭತ್ತದ ಗದ್ದೆಯಲ್ಲಿ ನಾಲ್ಕು ತಿಂಗಳು ನೀರು ನಿಲ್ಲುತ್ತದೆ, ನಿಧಾನಕ್ಕೆ ಇಂಗುತ್ತದೆ, ಕೆಳಗಿನ ಬಾವಿಗೆ ಬರುತ್ತದೆ. ಲಾಭ ಇಲ್ಲ ಅಂತ ಗದ್ದೆ ಪಾಳು ಬಿಟ್ಟು, ಮಣ್ಣು ತುಂಬಿ ಸೈಟ್ ಮಾಡಿದ ಕಡೆಯೆಲ್ಲ ಬಾವಿಯೂ ಸೊರಗಿದೆ. ನಾವು ಗದ್ದೆ ಮಾಡುವುದು ಅಕ್ಕಿಗಾಗಿ ಎಷ್ಟೋ, ನೀರಿಗಾಗಿಯೂ ಅಷ್ಟೇ.

ಊಟಕ್ಕೆ ಬೇಕಾದ್ದನ್ನೆಲ್ಲ ನಾವೇ ಬೆಳೆದುಕೊಳ್ಳಬಹುದಾ?

ಎಲ್ಲವನ್ನೂ ಅಲ್ಲ. ಆ ಆಸೆ ಬಿಟ್ಟುಬಿಡಿ. ಅಕ್ಕಿ ಆಗುತ್ತದೆ. ನಾಲ್ಕು ಜನರ ಮನೆಗೆ ವರ್ಷಕ್ಕೆ 4 ಕ್ವಿಂಟಾಲ್ ಅಕ್ಕಿ ಬೇಕು ಅಂದುಕೊಳ್ಳಿ. ಅರ್ಧ ಎಕರೆ ಗದ್ದೆ ಚೆನ್ನಾಗಿ ಬಂದರೆ ಅದು ಸಿಗುತ್ತದೆ. ಬಾಳೆ, ಹಲಸು, ಗೆಣಸು, ಕೆಸು, ಸಿಹಿಗುಂಬಳ, ಕಾಳುಮೆಣಸು, ಏಲಕ್ಕಿ, ಜೇನು ಆಗುತ್ತದೆ. ಹುಳಿಗೆ, ಹಣ್ಣಿನ ರಸ ಕುದಿಸಿ ಮಾಡುವ ಕಾಚಂಪುಳಿ ಇದೆ. ಮಳೆಗಾಲದಲ್ಲಿ ಕಣಿಲೆ (ಎಳೆ ಬಿದಿರು), ಅಣಬೆ, ಪತ್ರೊಡೆಗೆ ಮರಗೆಸು. ಕೊಡವ ಪಂಚಾಂಗದ ಕಕ್ಕಡ ತಿಂಗಳ (ಜುಲೈ, ಆಗಸ್ಟ್) 18ಕ್ಕೆ ಮದ್ದುಸೊಪ್ಪಿನ ಪಾಯಸ. ಬೇಳೆ, ಎಣ್ಣೆ, ಉಪ್ಪು, ಈರುಳ್ಳಿ ಸಂತೆಯಿಂದಲೇ ಬರಬೇಕು. ಟೊಮೆಟೊ ಮಳೆಗೆ ಕೊಳೆಯುತ್ತದೆ. ಬಯಲು ಸೀಮೆಯ ತರಕಾರಿ ಪಟ್ಟಿ ಹಿಡಿದು ಬಂದರೆ ಸೋಲು ಖಂಡಿತ. ಇಲ್ಲಿನ ಅಜ್ಜಿಯಂದಿರು ಯಾವ ತಿಂಗಳು ಏನು ಬೇಯಿಸುತ್ತಾರೆ ಅನ್ನುವುದನ್ನು ನೋಡಿ ನೆಡಿ.

ಕಾಡಿನ ಅಣಬೆ, ಸೊಪ್ಪು ಗೊತ್ತಿರುವವರು ತೋರಿಸದೆ ಕೀಳಬೇಡಿ.

ದುಡ್ಡಿಗೆ ಏನು ಮಾಡುತ್ತೀರಿ?

ಕಾಫಿ ಮತ್ತು ಕಾಳುಮೆಣಸು. ಭಾರತದ ಕಾಫಿಯಲ್ಲಿ ಹೆಚ್ಚು ಕಡಿಮೆ ಮೂರರಲ್ಲೊಂದು ಪಾಲು ಈ ಪುಟ್ಟ ಜಿಲ್ಲೆಯದು. ಆದರೂ ಕಾಫಿಯನ್ನು ಸಂಬಳದ ಹಾಗೆ ನಂಬಬೇಡಿ. ಗಿಡ ನೆಟ್ಟು ಮೊದಲ ಫಸಲಿಗೆ ಮೂರು, ನಾಲ್ಕು ವರ್ಷ ಬೇಕು. ಅರೇಬಿಕಾಗೆ ಬಿಳಿ ಕಾಂಡಕೊರಕದ ಹುಳ, ಎಲ್ಲಕ್ಕೂ ಕಾಯಿಕೊರಕದ ಹುಳ. ಹೂವಾದ ಮೇಲೆ ಮಳೆ ಕೈಕೊಟ್ಟರೆ ಕಾಯಿ ನಿಲ್ಲುವುದಿಲ್ಲ, ಕೊಯ್ಲಿನ ಹೊತ್ತಿಗೆ ಮಳೆ ಬಂದರೆ ಹಣ್ಣು ಉದುರುತ್ತದೆ. 50 ಕೆಜಿ ಮೂಟೆಯ ಬೆಲೆ ಲಂಡನ್, ನ್ಯೂಯಾರ್ಕ್ ಮಾರುಕಟ್ಟೆ ನೋಡಿ ಏರಿಳಿಯುತ್ತದೆ. 2024ರಲ್ಲಿ ರೋಬಸ್ಟಾ ಬೆಲೆ ಯಾರೂ ಕಾಣದಷ್ಟು ಏರಿತು. ಆ ಬೆಲೆ ಹಿಡಿದು ಲೆಕ್ಕ ಹಾಕಿ ತೋಟ ಕೊಂಡರೆ ಮುಂದೆ ಕಷ್ಟ.

ಕಲಿಯಲು ಒಳ್ಳೆಯ ಜಾಗಗಳಿವೆ. ಚೆಟ್ಟಳ್ಳಿಯಲ್ಲಿ ಕಾಫಿ ಸಂಶೋಧನಾ ಉಪಕೇಂದ್ರ, ಅಪ್ಪಂಗಳದಲ್ಲಿ ಏಲಕ್ಕಿ ಸಂಶೋಧನೆ, ಗೋಣಿಕೊಪ್ಪದಲ್ಲಿ ಕೃಷಿ ವಿಜ್ಞಾನ ಕೇಂದ್ರ, ಪೊನ್ನಂಪೇಟೆಯಲ್ಲಿ ಅರಣ್ಯ ಕಾಲೇಜು. ಅಲ್ಲಿ ಹೋಗಿ ಕೇಳಿದರೆ ಹೇಳಿಕೊಡುತ್ತಾರೆ. ತೋಟದಲ್ಲಿ ಸಿಲ್ವರ್ ಓಕ್ ಒಂದೇ ನೆಡಬೇಡಿ ಅನ್ನುವುದು ನಮ್ಮ ಮಾತು. ಹಲಸು, ನೇರಳೆ, ಅತ್ತಿ, ಬೈನೆ ಇದ್ದರೆ ಹಕ್ಕಿ, ಜೇನು, ಮಣ್ಣು ಎಲ್ಲ ಉಳಿಯುತ್ತವೆ. ಮರಗಸಿಗೆ, ಅಂದರೆ ನೆರಳಿನ ಮರಗಳ ಕೊಂಬೆ ಸವರಲು, ಆಳು ಸಿಗುವುದು ಕಷ್ಟ ನಿಜ, ಆದರೂ.

ಬಂದು ಎರಡು, ಮೂರು ವರ್ಷ ತೋಟದಿಂದ ಏನೂ ಬರದಿದ್ದರೂ ನಡೆಯುವಷ್ಟು ಉಳಿತಾಯ ಇಟ್ಟುಕೊಂಡು ಬನ್ನಿ.

ಲ್ಯಾಪ್‌ಟಾಪ್ ಇಟ್ಟುಕೊಂಡು ಇಲ್ಲಿಂದಲೇ ಕೆಲಸ ಮಾಡಬಹುದಾ?

ಬೇಸಿಗೆಯಲ್ಲಿ ಮಾಡಬಹುದು. ಮಳೆಗಾಲದಲ್ಲಿ ದಿನಗಟ್ಟಲೆ ನೆಟ್ ಇರುವುದಿಲ್ಲ ಅಂತ ಕಂಪನಿಗೆ ಮೊದಲೇ ಹೇಳಿಬಿಡಿ.

ಆನೆ, ಹುಲಿ ಬರುತ್ತವಾ?

ಆನೆ ಬರುತ್ತದೆ. ಸಿದ್ದಾಪುರ, ವಿರಾಜಪೇಟೆ, ಪೊನ್ನಂಪೇಟೆ ಕಡೆ ತೋಟದಲ್ಲೇ ಬೀಡುಬಿಡುವ ಹಿಂಡುಗಳಿವೆ. ಬೆಳಗ್ಗೆ ಕೆಲಸಕ್ಕೆ ಹೊರಟ ಕಾರ್ಮಿಕರು ಪ್ರಾಣ ಕಳೆದುಕೊಂಡದ್ದು ಎಷ್ಟೋ ಸಲ. ದಕ್ಷಿಣ ಕೊಡಗಿನಲ್ಲಿ ಹುಲಿ ದನ ಹಿಡಿಯುತ್ತದೆ, ಮನುಷ್ಯರ ಮೇಲೂ ಬಿದ್ದಿದೆ. ಇದನ್ನು ಚಿಕ್ಕದು ಮಾಡಿ ಹೇಳುವುದು ಸರಿಯಲ್ಲ.

ನಾವು ಪಾಲಿಸುವುದು ಇಷ್ಟು. ಕತ್ತಲಾದ ಮೇಲೆ, ಬೆಳಕು ಹರಿಯುವ ಮೊದಲು ನಡೆದು ಹೋಗುವುದಿಲ್ಲ. ಹಲಸು ಹಣ್ಣಾಗಲು ಬಿಡದೆ ಕಾಯಿಯಲ್ಲೇ ಇಳಿಸುತ್ತೇವೆ, ಹಣ್ಣಿನ ವಾಸನೆ ಆನೆಗೆ ಬಲು ದೂರ ಗೊತ್ತಾಗುತ್ತದೆ. ಆನೆ ಎಲ್ಲಿದೆ ಅನ್ನುವ ಸುದ್ದಿ ಊರಿನ ವಾಟ್ಸಾಪ್ ಗುಂಪಿಗೆ ಬರುತ್ತದೆ, ಅರಣ್ಯ ಇಲಾಖೆಯ ಆನೆ ಕಾರ್ಯಪಡೆಯವರ ನಂಬರ್ ಎಲ್ಲರ ಹತ್ತಿರ ಇದೆ. ಪಟಾಕಿ ಹೊಡೆದು ಪಕ್ಕದವರ ತೋಟಕ್ಕೆ ಅಟ್ಟುವುದಿಲ್ಲ. ಬೇಲಿಗೆ ಲೈನಿನ ಕರೆಂಟ್ ಕೊಡುವುದು ಕೊಲೆ, ಅಪರಾಧ ಕೂಡ.

ಜಿಗಣೆ ಬಗ್ಗೆ ಹೆದರಬೇಡಿ. ಉಪ್ಪು, ಸುಣ್ಣ ಸಾಕು.

ಊರಿನವರು ನಮ್ಮನ್ನು ಒಪ್ಪುತ್ತಾರಾ? ಭಾಷೆ ಬರಬೇಕಾ?

ಕನ್ನಡ ಎಲ್ಲೆಡೆ ನಡೆಯುತ್ತದೆ. ಮನೆಯೊಳಗೆ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ಬ್ಯಾರಿ, ಯರವ ಮಾತು ಹೀಗೆ ಬಹಳ ಇವೆ. ನಿಮ್ಮ ಪಕ್ಕದ ಮನೆಯ ಭಾಷೆಯಲ್ಲಿ ಊಟ ಆಯ್ತಾ ಅಂತ ಕೇಳುವಷ್ಟಾದರೂ ಕಲಿಯಿರಿ. ಹಿರಿಯರನ್ನು ಹೆಸರು ಹಿಡಿದು ಕರೆಯಬೇಡಿ. ತಾತ, ಅಕ್ಕ, ಅಣ್ಣ ಅನ್ನಿ.

ಒಪ್ಪುವುದು ಬಿಡುವುದು ಮಾತಿನಿಂದ ಆಗುವುದಿಲ್ಲ. ಸಾವಿನ ಮನೆಗೆ ಹೋಗಬೇಕು. ನಾಟಿ ದಿನ ಗದ್ದೆಗೆ ಇಳಿಯಬೇಕು. ಕೈಲ್‌ಪೊಳ್ದ್, ಹುತ್ತರಿ, ಊರ ದೇವಸ್ಥಾನದ ಹಬ್ಬ ಇವಕ್ಕೆ ಕರೆದಾಗ ಹೋಗಿ, ಕೈಲಾದ ಕೆಲಸ ಮಾಡಿ. ಹುತ್ತರಿಯ ಕದಿರು ತೆಗೆಯುವ ಮುಹೂರ್ತ ಕಕ್ಕಬ್ಬೆಯ ಪಾಡಿ ಇಗ್ಗುತ್ತಪ್ಪನ ಸನ್ನಿಧಿಯಲ್ಲಿ ಗೊತ್ತಾಗುತ್ತದೆ. ಆ ರಾತ್ರಿ ಗದ್ದೆಯಲ್ಲಿ ನಿಂತು ನೋಡಿದವರಿಗೆ ಅಕ್ಕಿಯ ಬೆಲೆ ಬೇರೆ ಥರ ತಿಳಿಯುತ್ತದೆ.

ದೇವರಕಾಡಿನ ವಿಷಯ ಗಟ್ಟಿಯಾಗಿ ಹೇಳುತ್ತೇವೆ. ಕೊಡಗಿನಲ್ಲಿ 1,214 ದೇವರಕಾಡುಗಳನ್ನು ಗುರುತಿಸಿದ್ದಾರೆ. ಅಲ್ಲಿ ಮರ ಕಡಿಯುವುದಿಲ್ಲ, ಬೇಟೆ ಇಲ್ಲ. ಅಲ್ಲಿಂದಲೇ ಎಷ್ಟೋ ತೋಡು ಹುಟ್ಟುತ್ತದೆ. ಡ್ರೋನ್ ಹಾರಿಸಲು, ಪಿಕ್ನಿಕ್ ಮಾಡಲು ಅದು ಜಾಗವಲ್ಲ. ಸುಸ್ಥಿರ ಬದುಕು ಅಂತ ಹೊರಗಿನಿಂದ ಬಂದು ಯಾರೂ ಕಲಿಸುವ ಮೊದಲೇ ಇಲ್ಲಿನವರು ಕಾಡನ್ನು ಹೀಗೆ ಉಳಿಸಿಕೊಂಡಿದ್ದರು.

ನಾವು ಬರುವುದರಿಂದ ಇಲ್ಲಿನವರಿಗೆ ತೊಂದರೆಯಾ?

ಆಗಬಹುದು. ಈ ಪ್ರಶ್ನೆ ಕೇಳುವವರು ಕಮ್ಮಿ, ಕೇಳಿದವರನ್ನು ನಾವು ಮರೆಯುವುದಿಲ್ಲ. ಪಟ್ಟಣದ ದುಡ್ಡು ಬಂದ ಕಡೆ ಎಕರೆಯ ಬೆಲೆ ಏರುತ್ತದೆ. ಆಮೇಲೆ ಊರಿನ ಹುಡುಗನಿಗೆ ತನ್ನ ಊರಲ್ಲೇ ಅರ್ಧ ಎಕರೆ ಕೊಳ್ಳಲು ಆಗುವುದಿಲ್ಲ. ಯರವರು, ಜೇನು ಕುರುಬರು ತಲೆಮಾರುಗಳಿಂದ ಇಲ್ಲಿದ್ದರೂ ಎಷ್ಟೋ ಜನರಿಗೆ ಸ್ವಂತ ನೆಲವಿಲ್ಲ. ತೋಟದ ಕಾರ್ಮಿಕರ ಸಾಲು ಮನೆಯಲ್ಲಿ (ಲೈನ್ ಮನೆ) ಹುಟ್ಟಿ ಅಲ್ಲೇ ಮುದುಕರಾಗುತ್ತಾರೆ. 2016ರ ಡಿಸೆಂಬರಿನಲ್ಲಿ ದಿಡ್ಡಳ್ಳಿಯಲ್ಲಿ ಆದಿವಾಸಿಗಳ ಗುಡಿಸಲು ಕಿತ್ತುಹಾಕಿದಾಗ ಆ ಕಷ್ಟ ಇಡೀ ರಾಜ್ಯಕ್ಕೆ ಕಂಡಿತು.

ಹಾಗಾಗಿ ನಾವು ಹೊಸಬರಿಗೆ ಹೇಳುವುದು: ಬಳಸುವಷ್ಟೇ ನೆಲ ತೆಗೆದುಕೊಳ್ಳಿ. ಕೊಂಡು ಬೀಗ ಹಾಕಿ ಹೋಗಬೇಡಿ. ಗದ್ದೆಯನ್ನು ಗುತ್ತಿಗೆಗೆ ಮಾಡಬಹುದಾದರೆ ಕೊಳ್ಳುವುದೇ ಬೇಡ. ಕೆಲಸಕ್ಕೆ ಬರುವವರಿಗೆ ನ್ಯಾಯವಾದ ಕೂಲಿ, ಒಳ್ಳೆಯ ಮನೆ, ಶೌಚಾಲಯ, ಕುಡಿಯುವ ನೀರು ಕೊಡಿ. ಅವರ ಮಕ್ಕಳು ಶಾಲೆಗೆ ಹೋಗುತ್ತಾರಾ ನೋಡಿ. ಇವಿಲ್ಲದೆ ಬರೀ ಸಾವಯವ ಕಾಫಿ ಬೆಳೆದರೆ ಅದನ್ನು ಒಳ್ಳೆಯ ಬದುಕು ಅನ್ನಲು ನಮಗೆ ಮನಸ್ಸು ಬರುವುದಿಲ್ಲ.

ಮಕ್ಕಳ ಶಾಲೆ?

ನಾಪೋಕ್ಲು, ಮೂರ್ನಾಡು, ವಿರಾಜಪೇಟೆ, ಮಡಿಕೇರಿಯಲ್ಲಿ ಶಾಲೆಗಳಿವೆ. ಗಾಳಿಬೀಡಿನಲ್ಲಿ ನವೋದಯ ಇದೆ. ಮಳೆ ಜೋರಾದರೆ ರಜೆ ಸಿಗುತ್ತದೆ, ಆಮೇಲೆ ಶನಿವಾರ ಸರಿದೂಗಿಸುತ್ತಾರೆ. ನಮ್ಮ ಮಕ್ಕಳು ಸರ್ಕಾರಿ ಶಾಲೆಗೇ ಹೋಗುತ್ತಾರೆ. ಊರಿನ ಮಕ್ಕಳ ಜೊತೆ ಆಡಿ ಬೆಳೆಯಲಿ ಅಂತ.

ವಯಸ್ಸಾದ ಅಪ್ಪ ಅಮ್ಮನನ್ನು ಕರೆದುಕೊಂಡು ಬರಬಹುದಾ? ಆಸ್ಪತ್ರೆ ಹೇಗೆ?

ಯೋಚಿಸಿ ಬನ್ನಿ. ಮಡಿಕೇರಿಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಹೃದಯಾಘಾತ, ಮೆದುಳಿನ ತೊಂದರೆ ಅಂದರೆ ಮೈಸೂರು ಇಲ್ಲವೇ ಮಂಗಳೂರಿಗೆ ಕಳಿಸುತ್ತಾರೆ. ಮಡಿಕೇರಿಯಿಂದ ಮೈಸೂರಿಗೆ 120 ಕಿಲೋಮೀಟರ್. ಜಿಲ್ಲೆಯಲ್ಲಿ ರೈಲು ಇಲ್ಲ. ಮಂಗಳೂರಿಗೆ ಸಂಪಾಜೆ ಘಾಟಿ ಇಳಿಯಬೇಕು, 2018ರಲ್ಲಿ ಆ ರಸ್ತೆಯೇ ಕುಸಿದು ಸಂಚಾರ ನಿಂತಿತ್ತು. ಡಯಾಲಿಸಿಸ್, ಹೃದಯದ ಕಾಯಿಲೆ ಇರುವವರು ಮಳೆಗಾಲದಲ್ಲಿ ಕುಶಾಲನಗರ ಅಥವಾ ಮೈಸೂರಿನಲ್ಲಿ ಇರುವುದು ಒಳ್ಳೆಯದು. ಹಾವು ಕಚ್ಚಿದರೆ ನಾಟಿ ಮದ್ದು ಅಂತ ಹೊತ್ತು ಕಳೆಯದೆ ಆಸ್ಪತ್ರೆಗೆ ಓಡಿ. ಜೂನ್ ಬರುವ ಮೊದಲೇ ಮೂರು ತಿಂಗಳ ಮಾತ್ರೆ ತಂದಿಟ್ಟುಕೊಳ್ಳುವುದು ನಮ್ಮಲ್ಲಿ ಎಲ್ಲ ಮನೆಯ ರೂಢಿ.

ಕಸ ಏನು ಮಾಡುತ್ತೀರಿ?

ಅಡುಗೆಮನೆಯದು ದನಕ್ಕೆ, ಕೋಳಿಗೆ, ಗೊಬ್ಬರದ ಗುಂಡಿಗೆ. ಪ್ಲಾಸ್ಟಿಕ್ ತೊಳೆದು ಕಟ್ಟಿಟ್ಟು ಪಂಚಾಯಿತಿ ಗಾಡಿಗೆ. ತೋಡಿಗೆ ಏನೂ ಹೋಗಬಾರದು. ಇಲ್ಲಿ ಎಸೆದದ್ದು ಕಾವೇರಿಗೇ ಸೇರುತ್ತದೆ. ಪಲ್ಪರ್ ನೀರನ್ನೂ ನೇರವಾಗಿ ಬಿಡದೆ ಗುಂಡಿಯಲ್ಲಿ ನಿಲ್ಲಿಸುತ್ತೇವೆ.

ಒಟ್ಟಿಗೆ ಇದ್ದರೆ ಜಗಳ ಆಗುವುದಿಲ್ವಾ?

ಆಗುತ್ತದೆ. ಹೆಚ್ಚಾಗಿ ನೀರಿಗೆ, ನಾಯಿಗೆ, ಯಾರು ಕೆಲಸಕ್ಕೆ ಬರಲಿಲ್ಲ ಅನ್ನುವುದಕ್ಕೆ. ತಿಂಗಳಿಗೊಮ್ಮೆ ಕಣದಲ್ಲಿ ಕೂತು ಮಾತಾಡುತ್ತೇವೆ. ದುಡ್ಡಿನ ಲೆಕ್ಕ ಪುಸ್ತಕ ಎಲ್ಲರೆದುರು ತೆರೆದಿರುತ್ತದೆ. ಕೆಲಸದ ಲೆಕ್ಕ ಮುಯ್ಯಾಳಿನ ಥರ. ನೀವು ನಮ್ಮ ಗದ್ದೆಗೆ ಒಂದು ದಿನ ಬಂದರೆ ನಾವು ನಿಮ್ಮದಕ್ಕೆ ಒಂದು ದಿನ. ಮೈಯಲ್ಲಿ ಆಗದವರು ಅಡುಗೆ ಮಾಡುತ್ತಾರೆ, ಮಕ್ಕಳನ್ನು ನೋಡಿಕೊಳ್ಳುತ್ತಾರೆ. ಅದಕ್ಕೂ ಅಷ್ಟೇ ಲೆಕ್ಕ. ಹೊರಟು ಹೋದವರೂ ಇದ್ದಾರೆ. ಅವರು ಹಾಕಿದ ಪಾಲು ವಾಪಸ್ ಕೊಡುವುದು ಹೇಗೆ ಅಂತ ಮೊದಲೇ ಬರೆದಿಟ್ಟಿದ್ದರಿಂದ ಮನಸ್ತಾಪ ಉಳಿಯಲಿಲ್ಲ. ನೀವು ಬೇರೆ ಕಡೆ ಇಂಥದ್ದು ಶುರು ಮಾಡುವುದಾದರೆ, ಸೇರುವ ಕಾಗದಕ್ಕಿಂತ ಮೊದಲು ಬಿಡುವ ಕಾಗದ ಬರೆಯಿರಿ.

ಮಳೆಗಾಲಕ್ಕೆ ಬಂದು ಇರುತ್ತೇವೆ. ಯಾವಾಗ ಬರಬೇಕು, ಏನು ತರಬೇಕು?

ಮೇ ಮೂರನೇ ವಾರಕ್ಕೆ ಬನ್ನಿ. ಸೌದೆ ಒಡೆದು ಕೊಟ್ಟಿಗೆ ತುಂಬುವುದು, ಹೆಂಚು ತಿರುಗಿಸುವುದು, ಚರಂಡಿ ಬಿಡಿಸುವುದು ಎಲ್ಲ ಆಗ ನಡೆಯುತ್ತದೆ, ಕೈಗಳು ಬೇಕು. ಮಂಡಿವರೆಗಿನ ರಬ್ಬರ್ ಬೂಟು, ಉದ್ದ ಕೋಟು, ದೊಡ್ಡ ಕೊಡೆ, ತಲೆಗೆ ಕಟ್ಟುವ ಟಾರ್ಚ್, ಬೇಗ ಒಣಗುವ ಬಟ್ಟೆ, ನಿಮ್ಮ ಮಾತ್ರೆಗಳು ಇಷ್ಟು ತನ್ನಿ. ಜೀನ್ಸ್ ಬೇಡ. ನಾಯಿ ಇದ್ದರೆ ಕರೆತರುವ ಮೊದಲು ಕೇಳಿ. ಅಕ್ಕಿ ನಮ್ಮಲ್ಲಿದೆ, ಬೇಳೆ ಮತ್ತು ಎಣ್ಣೆ ನಿಮ್ಮ ಪಾಲಿನದು ತನ್ನಿ.